ಗೋಡೆ ಹತ್ತಿದ ಔಡಲ ಬೀಜ

ಮೊನ್ನೆ ರವಿವಾರ ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಕುಳಿತಿದ್ದಾಗ ಒಂದು ಔಡಲ ಬೀಜ ನಮ್ಮ ಪಡಸಾಲೆಯ ಗೋಡೆ ಹತ್ತುತ್ತಿರುವುದು ಕಂಡಿತು. ನೀವು ನಗಬಹುದು. ನನಗೂ ನಗು ಬರಬೇಕಿತ್ತು, ಬರಲಿಲ್ಲ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತ ತಲೆ ನರೆತವನು ನಾನು. ಕಂಡದ್ದನ್ನು ಮೊದಲು ನಂಬದಿರುವುದು, ಆಮೇಲೆ ನಂಬದೇ ಇದ್ದುದು ಸರಿಯೇ ಎಂದು ಅನುಮಾನಿಸುವುದು, ಇದು ನನ್ನ ಕಸುಬು. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿ ಮತ್ತೆ ಹಾಕಿಕೊಂಡೆ. ಅಷ್ಟರಲ್ಲಿ ಬೀಜ ಇನ್ನೊಂದು ಗೇಣು ಮೇಲೆ ಹೋಗಿತ್ತು. ಬೂದು ಬಣ್ಣ, ನುಣುಪು ಹೊಟ್ಟೆ, ತುದಿಗೆ ಚುಕ್ಕೆಯಂಥ ತಲೆ.

"ಏ ಸುಮಾ, ಔಡಲ ಬೀಜಕ್ಕ ಕಾಲು ಇರ್ತಾವೇನು?" ಎಂದು ಅಡಿಗೆಮನೆಯ ಕಡೆ ಕೂಗಿದೆ.

"ಮುಂಜಾನೆದ್ದು ಏನಾಗೇತ್ರಿ ನಿಮಗ?" ಎಂದು ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ಹೆಂಡತಿ ಗೋಡೆ ನೋಡಿದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯ, ಉಣ್ಣಿ ಐತ್ರಿ ಅದು! ನಿಮ್ಮ ಮುದ್ದಿನ ಮಗಂದು! ಅವನ ರಕ್ತ ಕುಡದು ಉಬ್ಬೇತಿ ನೋಡ್ರಿ."

ಮುದ್ದಿನ ಮಗ ಎಂದರೆ ಬೆಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಗೇಟಿನ ಕೆಳಗಿಂದ ನುಸುಳಿ ಬಂದ ಕಂದು ಬಣ್ಣದ ಬೀದಿ ನಾಯಿ. ಹೆಸರಿಟ್ಟವಳು ಸುಮಾ, ಹಾಲು ಅನ್ನ ಹಾಕಿದವಳು ಸುಮಾ, ತನ್ನ ಹಳೆ ಸೀರೆ ಮಡಚಿ ಹಾಸಿಗೆ ಮಾಡಿದವಳೂ ಅವಳೇ. ಆದರೆ ಅದಕ್ಕೆ ಏನಾದರೂ ಆದ ಕೂಡಲೆ ಅದು ನನ್ನ ಮಗ ಆಗಿಬಿಡುತ್ತದೆ.

ಉಣ್ಣಿ ನಮ್ಮ ಮಾತು ಕೇಳಿಸಿಕೊಂಡಂತೆ ನೇರವಾಗಿ ಕ್ಯಾಲೆಂಡರಿನ ಹಿಂದೆ ಹೋಗಿ ಮರೆಯಾಯಿತು. ನಾನು ಸುಮ್ಮನೆ ಇರುವ ಜಾತಿಯವನಲ್ಲ. ಕ್ಯಾಲೆಂಡರನ್ನು ಮೆಲ್ಲಗೆ ಎತ್ತಿದೆ. ಅಲ್ಲೊಂದು ದೊಡ್ಡ ಸಂಸಾರವೇ ಇತ್ತು. ಸಾಸಿವೆ ಗಾತ್ರದವು, ಎಳ್ಳಿನ ಗಾತ್ರದವು, ಮೊಳೆ ಹೊಡೆದ ಸಂದಿಯಲ್ಲಿ ಒಂದರ ಮೇಲೊಂದು ಕುಳಿತ ಚಪ್ಪಟೆ ಕಂದು ಹುಳಗಳು. ಅವನ್ನು ನೋಡಿದಾಗ ಹೇಸಿಗೆಗಿಂತ ಮೊದಲು ಬಂದದ್ದು ಬ್ಯಾಡಗಿಯ ನೆನಪು.

ಬ್ಯಾಡಗಿಯ ನಮ್ಮ ಹಳೆಯ ಮಣ್ಣಿನ ಮನೆಯಲ್ಲಿ ದೇವರ ಫೋಟೋಗಳು ಸಾಲಾಗಿ ಗೋಡೆಗೆ ಒರಗಿದ್ದವು. ದಸರೆಗೆ ಫೋಟೋ ಇಳಿಸಿ ಒರೆಸುವಾಗ ಅವುಗಳ ಬೆನ್ನಿಗೆ ಇಂಥವೇ ಹುಳ ಅಂಟಿರುತ್ತಿದ್ದವು. ಅವ್ವ ಅವನ್ನು ನೋಡಿ, "ದೇವರಿಗೂ ಬಿಡವಲ್ವು" ಎನ್ನುತ್ತಿದ್ದಳು. ಆಗ ನಮ್ಮ ಮನೆಯಲ್ಲಿದ್ದ ನಾಯಿ ಮೋತ್ಯಾ. ಮಧ್ಯಾಹ್ನ ಹುಡುಗರೆಲ್ಲ ಸೇರಿ ಅದರ ಮೈಯಿಂದ ಉಣ್ಣಿ ಕಿತ್ತು, ತೆಂಗಿನ ಚಿಪ್ಪಿನಲ್ಲಿ ಚಿಮಣಿ ಎಣ್ಣೆ ಹಾಕಿಟ್ಟು ಅದರೊಳಗೆ ಬಿಡುವುದು ಒಂದು ಆಟವೇ ಆಗಿತ್ತು. ಎಷ್ಟು ಕಿತ್ತರೂ ಮರುವಾರ ಅಷ್ಟೇ ಇರುತ್ತಿದ್ದವು. ನಾಯಿಯಿಂದ ಉಣ್ಣಿ ಹುಟ್ಟುತ್ತದೆ, ಹೊಲದಲ್ಲಿ ಕಸ ಹುಟ್ಟಿದ ಹಾಗೆ, ಎಂದು ನಾವು ಅಂದುಕೊಂಡಿದ್ದೆವು.

ಅವ್ವ ಒಮ್ಮೆ ಬೇಸತ್ತು ಮನೆಗೆ ಮೆಣಸಿನಕಾಯಿ ಹೊಗೆ ಹಾಕಿದಳು. ಬ್ಯಾಡಗಿಯಲ್ಲಿ ಬೇರೇನು ಹಾಕಲು ಸಾಧ್ಯ? ಊರಿಗೆ ಊರೇ ಕೆಂಪಗೆ ಒಣಗಿ ಬಿದ್ದಿರುತ್ತದೆ. ಬಾಗಿಲು ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆಯ ಕೆಂಡದ ಮೇಲೆ ಹಿಡಿ ತುಂಬ ಮೆಣಸಿನಕಾಯಿ ಸುರಿದು ನಮ್ಮನ್ನೆಲ್ಲ ಹೊರಗೆ ಅಟ್ಟಿದಳು. ಪಕ್ಕದ ಮನೆಯವರು ಸೀನಿದರು, ಎದುರು ಮನೆಯವರು ಕೆಮ್ಮಿದರು, ಓಣಿಯ ಕೊನೆಯಲ್ಲಿ ಹಜಾಮತಿ ಮಾಡಿಸಿಕೊಳ್ಳುತ್ತಿದ್ದ ಯಾರೋ ಅರ್ಧ ಗಡ್ಡದಲ್ಲೇ ಎದ್ದು ಹೋದರಂತೆ. ಉಣ್ಣಿಗಳು ಇದ್ದಲ್ಲೇ ಇದ್ದವು. ಹೊರ ಊರಿನವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಘಾಟು ಬೇಕಿದ್ದರೆ ಗುಂಟೂರಿನ ಕಾಯಿ ತರಬೇಕಿತ್ತು. ಆದರೆ ನಮ್ಮ ಮನೆಯೊಳಗೆ ಗುಂಟೂರಿನ ಕಾಯಿ ಬರುವುದೆಂದರೆ ಮಾನ ಹೋದ ಹಾಗೆ. ಉಣ್ಣಿ ಇದ್ದರೂ ಇರಲಿ ಎಂದರು.

ಇದನ್ನೆಲ್ಲ ನಾನು ಖಂಡಿತವಾಗಿ ನೋಡಿದ್ದೇನೆ ಎಂದು ನಿಮಗೆ ಹೇಳಬೇಕೆಂದಿದ್ದೆ. ಹೇಳಲಾರೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಹೋಗಿ ಬಹಳ ದಿನವಾಯಿತು. ಐರಣಿಯಲ್ಲಿ ತುಂಗಭದ್ರೆ ತುಂಬಿ ಹರಿಯುವಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹರಿಗೋಲು ಹತ್ತಿದ್ದು, ಹರಿಗೋಲು ಬುಗುರಿಯಂತೆ ತಿರುಗಿದ್ದು, ಅಪ್ಪನ ತಲೆಯ ರುಮಾಲು ನೀರಿಗೆ ಬಿದ್ದು ತೇಲಿ ಹೋದದ್ದು, ಇದನ್ನು ನಾನು ಎಷ್ಟು ಸಲ ಎಷ್ಟು ಜನರಿಗೆ ಹೇಳಿದ್ದೇನೋ. ಒಂದು ದಿನ ಹಾವೇರಿಯಲ್ಲಿರುವ ನನ್ನ ಅಕ್ಕ ಪೂರ್ತಿ ಕೇಳಿ, "ಹೆಗಲ ಮ್ಯಾಲೆ ಕುಂತಾಕಿ ನಾನು. ನೀ ಇನ್ನೂ ಹುಟ್ಟೇ ಇರಲಿಲ್ಲೋ ತಮ್ಮಾ" ಎಂದಳು. ಆ ರುಮಾಲಿನ ಬಣ್ಣ ಕೂಡ ನನಗೆ ಗೊತ್ತು. ಗುಲಾಬಿ. ಅಕ್ಕನ ಪ್ರಕಾರ ಅಪ್ಪ ರುಮಾಲು ಸುತ್ತುತ್ತಲೇ ಇರಲಿಲ್ಲ.

ಇರಲಿ, ಉಣ್ಣಿಗೆ ಬರೋಣ. ಬೆಲ್ಲ ಕೆಲವು ದಿನಗಳಿಂದ ಮಂಕಾಗಿತ್ತು. ಗೇಟಿನ ಸಪ್ಪಳಕ್ಕೆ ಓಡಿ ಬರುತ್ತಿದ್ದುದು ಈಗ ಕಿವಿ ಮಾತ್ರ ಎತ್ತಿ ಮಲಗುತ್ತಿತ್ತು. ಬಿಸಿಲಿಗೆ ಹಾಗಾಗಿದೆ ಎಂದುಕೊಂಡಿದ್ದೆವು. ಕ್ಯಾಲೆಂಡರಿನ ಹಿಂದಿನದನ್ನು ನೋಡಿದ ಮೇಲೆ ಸುಮಾ ನನ್ನನ್ನು ಕೂರಗೊಡಲಿಲ್ಲ. "ಮಲೆನಾಡ ಕಡೆ ಉಣ್ಣಿ ಕಡದು ಮಂದಿ ಸಾಯ್ತಾರಂತಲ್ರಿ" ಎಂದು ಅವಳ ಕಣ್ಣಲ್ಲಿ ನೀರು. ಮರುದಿನವೇ ನಾಯಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಪಶು ವೈದ್ಯರ ಬಳಿ ಹೋದೆವು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆಲ್ಲದ ತುಟಿ ಎತ್ತಿ ಒಸಡು ನೋಡಿದರು. ಕೆಂಪಗಿರಬೇಕಾದದ್ದು ಬಿಳಿಚಿತ್ತು. ರಕ್ತ ತೆಗೆದು ಪರೀಕ್ಷೆಗೆ ಕೊಟ್ಟರು. ಸುಮಾ ಮಲೆನಾಡಿನ ಆ ಮಂಗನ ಕಾಯಿಲೆಯ ಮಾತೆತ್ತಿದಾಗ ನಕ್ಕು, "ಅದು ಕಾಡಿನ ಬ್ಯಾರೆ ಉಣ್ಣಿ ತರೂ ಬ್ಯಾನಿ, ಅಕ್ಕಾರ. ಇದು ನಾಯಿ ಉಣ್ಣಿ. ಇದಕ್ಕ ನಾಯಿನೇ ಬೇಕು. ಮನಶ್ಯಾಗ ಕಡಿಯೂದು ಭಾಳ ಕಮ್ಮಿ. ಆದ್ರೂ ಬರಿಗೈಲೆ ಹೊಸಕಬ್ಯಾಡ್ರಿ, ಮನಿಯವ್ರಿಗೆ ಜ್ವರ ಬಂದ್ರ ಡಾಕ್ಟರಿಗೆ ಉಣ್ಣಿ ವಿಷಯ ಹೇಳ್ರಿ" ಎಂದರು.

ಸಂಜೆ ಮತ್ತೆ ಹೋದಾಗ ಫಲಿತಾಂಶ ಬಂದಿತ್ತು. ಉಣ್ಣಿ ಜ್ವರ. ಉಣ್ಣಿ ಕಚ್ಚುವಾಗ ಅದರ ಜೊಲ್ಲಿನೊಂದಿಗೆ ಒಂದು ಸೂಕ್ಷ್ಮ ಜೀವಿ ನಾಯಿಯ ರಕ್ತಕ್ಕೆ ಇಳಿಯುತ್ತದಂತೆ. ಅದು ಬಿಳಿಯ ರಕ್ತಕಣದೊಳಗೆ ಹೊಕ್ಕು ಕೂರುತ್ತದೆ. ಮೊದಲು ಜ್ವರ ಬಂದು ಹೋದಂತಾಗಿ ನಾಯಿ ಚೆನ್ನಾಗಿಯೇ ಓಡಾಡುತ್ತದೆ, ಒಳಗೆ ಮಾತ್ರ ರಕ್ತ ಹೆಪ್ಪುಗಟ್ಟಿಸುವ ಕಣಗಳು ಸವೆಯುತ್ತ ಹೋಗುತ್ತವೆ. ಇದೇ ಉಣ್ಣಿ ತರುವ ಇನ್ನೊಂದು ರೋಗವಿದೆ, ಅದು ಕೆಂಪು ಕಣಗಳನ್ನೇ ಒಡೆಯುತ್ತದೆ, ಆಗ ಉಚ್ಚೆ ಕಡುಗೆಂಪಾಗುತ್ತದೆ. ಬೆಲ್ಲಕ್ಕೆ ಬಂದದ್ದು ಮೊದಲಿನದು. ವಾರಗಟ್ಟಲೆ ಮಾತ್ರೆ ಹಾಕಬೇಕು, ಚೇತರಿಸಿಕೊಂಡಿತು ಎಂದು ನಡುವೆ ಬಿಡಬಾರದು. ಬೇಗ ಬಂದಿದ್ದೀರಿ, ಉಳಿಯುತ್ತದೆ, ಎಂದು ಧೈರ್ಯ ಹೇಳಿದ ಡಾಕ್ಟರು ಚೀಟಿ ಬರೆಯುತ್ತ ಕೇಳಿದರು: "ಮೂಗಿನ್ಯಾಗಿಂದ ರಕ್ತ ಏನರ ಬಂದಿತ್ತೇನ್ರಿ?"

"ಇಲ್ಲ" ಎಂದೆ. ಬೆಲ್ಲಕ್ಕೆ ಬಂದಿರಲಿಲ್ಲ. ಬಂದದ್ದು ಮೋತ್ಯಾನಿಗೆ.

ಇಲ್ಲಿ ನಮ್ಮ ಈರಣ್ಣ ಕಾಕಾನ ಪರಿಚಯ ಆಗಬೇಕು. ಕಾಕಾ ನನ್ನ ಅಪ್ಪನ ತಮ್ಮ. ಮೋಟೆಬೆನ್ನೂರಿನ ಹತ್ತಿರ ನಮ್ಮ ಹೊಲ, ಅದರಲ್ಲಿ ಹತ್ತಿ ಮತ್ತು ಮೆಣಸಿನಕಾಯಿ, ಅದನ್ನು ನೋಡಿಕೊಳ್ಳುತ್ತಿದ್ದವನು ಅವನು. ನಾಯಿಯ ಮೈಯಿಂದ ಉಣ್ಣಿ ತೆಗೆಯುವುದರಲ್ಲಿ ಅವನ ಕೈಚಳಕ ಯಾರಿಗೂ ಬರುತ್ತಿರಲಿಲ್ಲ. ಮೋತ್ಯಾನ ಕಿವಿಯನ್ನು ಎಲೆಯಂತೆ ಮಡಚಿ, ಉಫ್ ಎಂದು ಊದಿ ಕೂದಲು ಬೇರೆ ಮಾಡಿ, ಚರ್ಮಕ್ಕೆ ಹತ್ತಿದಲ್ಲೇ ಹಿಡಿದು ನೆಟ್ಟಗೆ ಎತ್ತುತ್ತಿದ್ದ. ನಾವು ಎಳೆದರೆ ಕುಂಯ್ ಎನ್ನುವ ನಾಯಿ ಕಾಕಾನ ಮೊಣಕಾಲಿನ ಮೇಲೆ ತಲೆ ಇಟ್ಟು ನಿದ್ದೆ ಹೋಗುತ್ತಿತ್ತು.

ಒಂದು ವರ್ಷ ಬೇಸಿಗೆಯಲ್ಲಿ ಉಣ್ಣಿ ವಿಪರೀತವಾದವು. ಬಸವ ಜಯಂತಿಯ ದಿನ ಎತ್ತುಗಳ ಮೈ ತೊಳೆದ ಕಾಕಾ, ನಾಯಿಯದೂ ಒಂದು ತೊಳೆದುಬಿಡೋಣ ಎಂದುಕೊಂಡ. ಬೆಳೆಗೆ ಸಿಂಪಡಿಸುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಹತ್ತಿಗೆ ಹೊಡೆಯುವ ಆ ಎಣ್ಣೆಯನ್ನು ಬಕೆಟ್ ನೀರಿಗೆ ಹಾಕಿ ಮೋತ್ಯಾನ ಮೈಗೆ ಹಚ್ಚಿದ. ಆ ಕಾಲದಲ್ಲಿ ಹಾಗೆ ಎಲ್ಲರೂ ಮಾಡುತ್ತಿದ್ದರು. ಹುಳ ಸಾಯಿಸುವುದು ಎಣ್ಣೆ, ಉಣ್ಣಿಯೂ ಹುಳ, ಲೆಕ್ಕ ಸರಿ. ಕೆಲವೇ ದಿನಗಳಲ್ಲಿ ಮೋತ್ಯಾ ಮೂಗಿನಿಂದ ರಕ್ತ ಸೋರಿ ಸತ್ತಿತು. ಕಾಕಾನನ್ನು ಯಾರೂ ಬೈಯಲಿಲ್ಲ. ಅಂದಿನಿಂದ ಅವನೂ ಅದರ ಬಗ್ಗೆ ಮಾತಾಡಲಿಲ್ಲ, ಯಾವ ನಾಯಿಯನ್ನೂ ಮುಟ್ಟಲಿಲ್ಲ. ಓಣಿಯ ಮರಿಗಳು ಕಾಲಿಗೆ ಸುತ್ತಿಕೊಂಡರೆ ಕಾಲು ಮೇಲೆತ್ತಿ ಕಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಒಮ್ಮೆ ಮಾತ್ರ, ಬಹಳ ಹಿಂದೆ, ನಾನು ಕೇಳದೇ ಇದ್ದರೂ ಹೇಳಿದ್ದ: "ನಾ ಮುಟ್ಟಿದ್ದ ನಾಯಿ ಉಳಿಯೂದಿಲ್ಲೋ."

ಡಾಕ್ಟರ ಪ್ರಶ್ನೆ ನನ್ನನ್ನು ಬಿಡದಾಯಿತು. ರಕ್ತ ಬಂದದ್ದು ಎಣ್ಣೆ ಹಚ್ಚಿದ ಮೇಲೋ, ಅದಕ್ಕಿಂತ ಮೊದಲೋ? ಮೊದಲೇ ಬಂದಿದ್ದರೆ ಮೋತ್ಯಾ ಆಗಲೇ ಉಣ್ಣಿ ಜ್ವರದ ಕೊನೆಯ ಹಂತದಲ್ಲಿತ್ತು. ಕಾಕಾ ಇಷ್ಟು ವರ್ಷ ಹೊತ್ತುಕೊಂಡಿರುವುದರಲ್ಲಿ ಅರ್ಧವನ್ನಾದರೂ ಕೆಳಗಿಡಬಹುದು. ನಾಚಿಕೆ ಬಿಟ್ಟು ಡಾಕ್ಟರನ್ನೇ ಕೇಳಿದೆ. ಸತ್ತು ಎಷ್ಟೋ ಕಾಲವಾದ ನಾಯಿಯ ಬಗ್ಗೆ ಅಭಿಪ್ರಾಯ ಕೇಳಿದ ಮೊದಲ ಗಿರಾಕಿ ನಾನೇ ಇರಬೇಕು. ಅವರು ಸ್ವಲ್ಪ ಯೋಚಿಸಿ, "ಆ ಎಣ್ಣಿನೂ ಸಣ್ಣ ವಿಷ ಅಲ್ರಿ ಸರ್, ಯಾರೂ ಹಚ್ಚಬಾರದು. ಎರಡೂ ಕೂಡಿರಬಹುದು. ಆದ್ರ ಮೂಗಿನ್ಯಾಗ ರಕ್ತ ಮೊದಲ ಬಂದಿತ್ತಂದ್ರ, ಎಣ್ಣಿ ಹಚ್ಚದಿದ್ರೂ ಆ ಕಾಲದಾಗ ಅದು ಉಳಿಯೂದು ಕಠಿಣಿತ್ತು" ಎಂದರು.

ನನ್ನ ನೆನಪೋ, ಎಣ್ಣೆ ಹಚ್ಚಿದ ಮೇಲೆ ಎಂದೇ ಹೇಳುತ್ತದೆ. ಮನೆ ಮುಂದಿನ ಬೇವಿನ ಗಿಡ, ಅದರ ನೆರಳಲ್ಲಿ ಮೋತ್ಯಾ, ಮೂಗಿನಿಂದ ಎರಡು ಕೆಂಪು ಗೆರೆ, ಪಕ್ಕದಲ್ಲಿ ಖಾಲಿ ಬಕೆಟ್ ಹಿಡಿದು ನಿಂತ ಕಾಕಾ. ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ಚೆನ್ನಾಗಿರುವುದೇ ಅನುಮಾನಕ್ಕೆ ಕಾರಣ. ಅಕ್ಕನಿಗೆ ಫೋನು ಮಾಡಿದೆ.

"ಬೇವಿನ ಗಿಡ ಎಲ್ಲಿಂದ ತಂದಿ? ಅದು ಸಾಲಿ ಮುಂದ ಇತ್ತು. ನಮ್ಮ ಮನಿ ಮುಂದ ಚಪ್ಪರ ಇತ್ತು."

"ಮೋತ್ಯಾ ಸತ್ತದ್ದು ನೋಡಿದ್ದೀಯಲ್ಲ ನೀನು?"

"ಆವಾಗ ನಾವಿಬ್ರೂ ರಜಾಕ್ಕ ಕದರಮಂಡಲಗಿ ಅಜ್ಜಿ ಮನ್ಯಾಗ ಇದ್ವಿ. ಬಂದು ನೋಡೂದ್ರಾಗ ನಾಯಿನೂ ಇಲ್ಲ, ಏನೂ ಇಲ್ಲ. ನೀ ಅತ್ತು ಅತ್ತು ವಾಂತಿ ಮಾಡ್ಕೊಂಡಿದ್ದಿ, ಅದೊಂದು ನೆನಪೈತಿ."

ಬೇವಿನ ಗಿಡ ಹೋಯಿತು, ಬಕೆಟ್ ಹೋಯಿತು, ಎರಡು ಕೆಂಪು ಗೆರೆಗಳೂ ಹೋದವು. ಯಾರೋ ಹೇಳಿದ್ದನ್ನು ಕೇಳಿ ಚಿತ್ರ ಬರೆದು ಚೌಕಟ್ಟು ಹಾಕಿ ಇಟ್ಟುಕೊಂಡಿದ್ದೆ ಅಷ್ಟೇ.

ಈ ನಡುವೆ ಮನೆಯಲ್ಲಿ ಯುದ್ಧ ಶುರುವಾಗಿತ್ತು. ಡಾಕ್ಟರು ಹೇಳಿದ್ದನ್ನು ಕೇಳಿದ ಮೇಲೆ ನನಗೆ ಉಣ್ಣಿಯ ಮೇಲೆ ಒಂದು ಬಗೆಯ ಗೌರವವೇ ಹುಟ್ಟಿತು. ಇದು ನಾಯಿಯ ಮೇಲೆ ವಾಸ ಮಾಡುವ ಹುಳ ಎಂದುಕೊಂಡಿದ್ದೆ. ಅಲ್ಲ. ಇದು ವಾಸ ಮಾಡುವುದು ಮನೆಯಲ್ಲಿ, ನಾಯಿಯ ಹತ್ತಿರ ಊಟಕ್ಕೆ ಮಾತ್ರ ಹೋಗುತ್ತದೆ, ಬಾಡಿಗೆ ಕೋಣೆಯ ಹುಡುಗರು ಖಾನಾವಳಿಗೆ ಹೋಗಿ ಬರುವಂತೆ. ಮರಿಯಾಗಿದ್ದಾಗ ಒಂದು ಊಟ, ಹರೆಯದಲ್ಲಿ ಒಂದು, ದೊಡ್ಡದಾದ ಮೇಲೆ ಇನ್ನೊಂದು. ಪ್ರತಿ ಊಟವಾದ ಮೇಲೂ ಕೆಳಗಿಳಿದು ಗೋಡೆಯ ಸಂದಿಗೆ ಹೋಗಿ ಪೊರೆ ಬಿಡುತ್ತದೆ. ಕೊನೆಯ ಊಟ ಮುಗಿಸಿದ ಹೆಣ್ಣು ಔಡಲ ಬೀಜದಷ್ಟು ಉಬ್ಬಿ, ಗೋಡೆ ಹತ್ತಿ, ಸಾವಿರಗಟ್ಟಲೆ ತತ್ತಿ ಇಟ್ಟು ಸಾಯುತ್ತದೆ. ಊಟ ಸಿಗದಿದ್ದರೆ ತಿಂಗಳುಗಟ್ಟಲೆ ಉಪವಾಸ ಕೂತು ಕಾಯುವ ತಾಳ್ಮೆಯೂ ಅದಕ್ಕುಂಟು. ನಾನಾದರೆ ಚಹಾ ತಡವಾದರೆ ಮೂರು ಸಲ ಅಡಿಗೆಮನೆಗೆ ಹೋಗಿ ಬರುತ್ತೇನೆ.

ನಾವು ಚಿಕ್ಕಂದಿನಲ್ಲಿ ಚಿಪ್ಪು ತುಂಬ ಕಿತ್ತದ್ದು ಖಾನಾವಳಿಯಲ್ಲಿ ಕೂತಿದ್ದವರನ್ನು ಮಾತ್ರ. ಕೋಣೆಯಲ್ಲಿದ್ದವರು ಹಾಗೇ ಇದ್ದರು.

"ನಾಯಿಗಷ್ಟ ಔಷಧ ಹಾಕಿದ್ರ ಮುಗೀಲಿಲ್ರಿ. ಗ್ವಾಡಿ, ಕಿಡಕಿ ಸಂದಿ, ಮಂಚದ ಕಾಲು, ಎಲ್ಲಾ ಕಡೆ ಹೊಡಿಸಬೇಕು. ತತ್ತಿ ಸಾಯೂದಿಲ್ಲ, ಮರಿ ಹೊರಗ ಬಂದ ಮ್ಯಾಲೆ ಮತ್ತೊಮ್ಮೆ ಹೊಡಿಸಬೇಕು" ಎಂದಿದ್ದರು ಡಾಕ್ಟರು. ಬೆಲ್ಲಕ್ಕೆ ಅವರ ಚೀಟಿಯ ಪ್ರಕಾರ ಕತ್ತಿನ ಹಿಂದೆ ಹನಿ ಔಷಧ ಬಿತ್ತು. ಅದರ ಸೀರೆಯ ಹಾಸಿಗೆ ಕುದಿಯುವ ನೀರಿಗೆ ಹೋಯಿತು. ಗೋಡೆಯ ಬಿರುಕುಗಳಿಗೆ ನಾನೇ ಸಿಮೆಂಟು ಮೆತ್ತಿದೆ. ಸುಮಾ ನೋಡಿ, "ಗ್ವಾಡಿಗಿಂತ ನಿಮ್ಮ ಮೈಗೇ ಜಾಸ್ತಿ ಹತ್ತೇತಿ" ಎಂದಳು. ಕೊನೆಗೆ ಮನೆಗೆ ಔಷಧ ಹೊಡೆಯುವವರು ಬಂದು, ಸಂಜೆತನಕ ಮನುಷ್ಯರೂ ನಾಯಿಯೂ ಒಳಗೆ ಬರಬಾರದು ಎಂದರು.

ಸುಮಾ ಹಾವೇರಿಗೆ, ಅಕ್ಕನ ಮನೆಗೆ ಹೋದಳು. ಅಲ್ಲಿ ಮನೆಯ ಮಾಲೀಕರು ನಾಯಿಯನ್ನು ಮೆಟ್ಟಿಲು ಹತ್ತಗೊಡುವುದಿಲ್ಲ. ಉಳಿದದ್ದು ಬ್ಯಾಡಗಿ, ನಮ್ಮ ಹಳೆಯ ಮನೆಯ ಜಾಗದಲ್ಲೇ ಕಟ್ಟಿದ ಕಾಕಾನ ಮನೆ. ನಾಯಿ ಮುಟ್ಟದ ಮನುಷ್ಯನ ಮನೆಗೆ ನಾಯಿಯನ್ನು ಕರೆದುಕೊಂಡು ಹೋಗುವುದು ಸರಿಯೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಆದರೆ ಕೇಳಬೇಕಾದ ಪ್ರಶ್ನೆಯೂ ಅಲ್ಲೇ ಇತ್ತು. ಒಂದು ನಿರ್ಧಾರ ಮಾಡಿಕೊಂಡೆ. ಸಾಕ್ಷಿ ಹೇಳುವವರ ಬಾಯಿಗೆ ಉತ್ತರ ಇಡಬಾರದು. ಮೂಗು, ರಕ್ತ ಎಂಬ ಶಬ್ದ ನನ್ನ ಬಾಯಿಂದ ಮೊದಲು ಬರಕೂಡದು. ನನಗೇ ಇಲ್ಲದ ಬೇವಿನ ಗಿಡ ಹುಟ್ಟಿಸಿಕೊಳ್ಳಲು ಬರುವಾಗ ಇನ್ನೊಬ್ಬರ ನೆನಪಿನಲ್ಲಿ ಅದನ್ನು ನೆಡುವುದು ಎಷ್ಟು ಹೊತ್ತು?

ಕಾಕಾ ಎಂದಿನಂತೆ ಹೊರಗಿನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಮಗ ಸೊಸೆ ಮೆಣಸಿನಕಾಯಿ ಕೂಡಿಡುವ ವಖಾರಿಗೆ ಹೋಗಿದ್ದರು. ಕಾರಿನಿಂದ ಬೆಲ್ಲ ಇಳಿದದ್ದು ನೋಡಿ ಕಾಲು ಮೇಲೆತ್ತಿಕೊಂಡ.

"ಏನಪಾ ಮಾಸ್ತರಾ, ಪ್ಯಾಟಿ ಬಿಟ್ಟು ಇತ್ಲಾಗ? ಅದನ್ಯಾಕ ತಂದಿ?"

"ಮನಿಗೆ ಔಷಧ ಹೊಡಿಸೇನಿ ಕಾಕಾ. ಉಣ್ಣಿ ಆಗಿದ್ವು."

ಉಣ್ಣಿ ಎಂದ ಕೂಡಲೆ ಅವನ ಬಾಯಿಯ ಚಲನೆ ನಿಂತಿತು. "ನಾಯಿಗೆ ಏನ್ ಹಚ್ಚಿದಿ?" ಎಂದ, ಬೇರೆ ಕಡೆ ನೋಡುತ್ತ.

"ದವಾಖಾನಿ ಔಷಧ. ಹನಿ ಹಾಕೂದು."

"ಹಂ. ಅದ ಛಲೋ."

ಬೆಲ್ಲ, ನಾನು ಬಾಗಿಲ ಚಿಲಕಕ್ಕೆ ಕಟ್ಟಿದ್ದ ಹಗ್ಗವನ್ನು ಎಳೆಯುವಷ್ಟು ಎಳೆದು, ಕಟ್ಟೆಯ ಕೆಳಗಿದ್ದ ಕಾಕಾನ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿತು. ಕಾಕಾ ಇನ್ನಷ್ಟು ಗೋಡೆಯ ಕಡೆ ಸರಿದ. ಆಗ ಚಹಾ ತಂದ ಚಿಗವ್ವ, ಅಂದರೆ ಕಾಕಾನ ಹೆಂಡತಿ, ದಿನಾ ಹೇಳುವ ದನಿಯಲ್ಲೇ ಹೇಳಿದಳು: "ಬಾಯಾಗ ಎಲಿ ಇಟ್ಕೊಂಡು ಗ್ವಾಡಿ ಕಡೆ ಮಾರಿ ಮಾಡಬ್ಯಾಡ್ರಿ. ಮತ್ತ ಯುಗಾದಿ ಆದೀತು."

ಇದು ನಮ್ಮ ಮನೆಯ ಹಳೆಯ ಚೇಷ್ಟೆ. ನಾನೂ ಕೇಳಿ ನಕ್ಕು ಬಿಟ್ಟದ್ದೇ. ಒಂದು ಯುಗಾದಿಗೆ ಮನೆಗೆಲ್ಲ ಹೊಸ ಸುಣ್ಣ ಬಳಿದಿದ್ದರು. ಹಬ್ಬದ ಬೆಳಿಗ್ಗೆ ನೋಡಿದರೆ ಬಾಗಿಲ ಪಕ್ಕದ ಬಿಳಿ ಗೋಡೆಯ ತುಂಬ ಕೆಂಪು ಕಲೆ. ಎಲೆ ಅಡಿಕೆ ಹಾಕುವವನು ಮನೆಯಲ್ಲಿ ಕಾಕಾ ಒಬ್ಬನೇ. ಅವ್ವ ಓಣಿ ಕೇಳುವ ಹಾಗೆ ಬೈದಿದ್ದಳಂತೆ.

"ಸಾಯೂತನಕ ಅದನ್ನ ಹೇಳ್ತೀಯೇನು ನೀನು?" ಕಾಕಾ ಸಿಡಿದ. "ಹಾಳಾಗ್ಲಿ, ಮಾಸ್ತರಾ, ನೀನ ಹೇಳು. ನೀ ಲೆಕ್ಕ ಕಲಿಸಾಂವ. ಉಗುಳಿದ್ರ ಒಂದ ಕಡೆ ಬಿದ್ದು ಹರೀತೈತಿ, ಹೌದಿಲ್ಲೋ? ಅದು ಚಿಟಿ ಚಿಟಿ ಸಿಡದಿತ್ತು. ಅದೂ ಎಲ್ಲಿ? ಮೊಣಕಾಲಕಿಂತ ಕೆಳಗ! ನಾನೇನು ಬಾಗಿ ಕುಂತು ಪಿಚಕಾರಿ ಹೊಡದ್ನೇನು? ವೈನಿಗೆ ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

ವೈನಿ ಎಂದರೆ ಅತ್ತಿಗೆ, ನನ್ನ ಅವ್ವ. ಕೈಯಲ್ಲಿದ್ದ ಚಹಾದ ಬಸಿಯನ್ನು ಕಟ್ಟೆಯ ಮೇಲೆ ಇಟ್ಟೆ.

"ಬಾಗಲ ಮಗ್ಗಲ ಗ್ವಾಡಿ ಅಂದ್ರ ಯಾವುದು ಕಾಕಾ? ಅಲ್ಲಿ ಏನಿತ್ತು?"

"ಏನಿರ್ತೈತಿ? ಗೋಣಿಚೀಲ ಹಾಸಿತ್ತು. ಅದು ಮಕ್ಕೊಂತಿತ್ತಲ್ಲ." ಮೋತ್ಯಾ ಎಂಬ ಹೆಸರನ್ನು ಅವನು ಹೇಳಲಿಲ್ಲ.

"ಆ ಹಬ್ಬದಾಗ ಅದು ಹೆಂಗಿತ್ತು?"

ಉತ್ತರ ಬಂದದ್ದು ಚಿಗವ್ವನಿಂದ. "ನಾ ಆಗಿನ್ನೂ ಹೊಸ ಸೊಸಿ. ನಾಯಿ ಸತ್ತ ವರ್ಷದ್ದ ಯುಗಾದಿ ಅದು. ಹೋಳಿಗಿ ಹಾಕಿದ್ರ ಮೂಸಿ ಸೈತ ನೋಡ್ಲಿಲ್ಲ ಅದು. ಸೀನತಿತ್ತು, ತಲಿ ಝಾಡಿಸತಿತ್ತು. ನಿಮ್ಮವ್ವ, ನಮ್ಮ ಅಕ್ಕಾರು, ನಾಯಿಗೂ ಸೊಕ್ಕು ಬಂದೈತಿ ನೋಡು, ಹೋಳಿಗಿ ಒಲ್ಲೆ ಅಂತೈತಿ, ಅಂತ ನಕ್ಕಿದ್ರು. ನಾ ಮಾಡಿದ ಹೋಳಿಗಿ ಅಂತ ನನಗ ಅಳು ಬಂದಿತ್ತು."

ಯುಗಾದಿ ಮೊದಲು, ಬಸವ ಜಯಂತಿ ಆಮೇಲೆ. ಎಂಥ ಸಂಶಯವಾದಿಗೂ ಇದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ನನ್ನ ಬೇವಿನ ಗಿಡ ಸುಳ್ಳಿರಬಹುದು, ಆದರೆ ಈ ಕಲೆ ಇಷ್ಟು ವರ್ಷ ಬೇರೆಯದೇ ಕಥೆಯಾಗಿ, ನಗಲಿಕ್ಕೆಂದು ಇಟ್ಟುಕೊಂಡ ಕಥೆಯಾಗಿ, ನಮ್ಮ ಮನೆಯಲ್ಲೇ ಕೂತಿತ್ತು. ನಗುವ ಕಥೆಯನ್ನೂ ಯಾರೂ ಹೇಳದ ಕಥೆಯನ್ನೂ ನಾವು ಒಂದೇ ದಿನ ಹೇಳಿರಲಿಲ್ಲ ಅಷ್ಟೇ.

ಮೆಲ್ಲಗೆ ಹೇಳಿದೆ. ಉಣ್ಣಿ ಜ್ವರದ ಬಗ್ಗೆ, ರಕ್ತ ಹೆಪ್ಪುಗಟ್ಟದೇ ಹೋಗುವುದರ ಬಗ್ಗೆ, ನಾಯಿ ಸೀನಿದರೆ ಗೋಡೆಗೆ ಏನು ಸಿಡಿಯುತ್ತದೆ ಎಂಬುದರ ಬಗ್ಗೆ. "ನೀನು ಉಗುಳಿರಲಿಲ್ಲ ಕಾಕಾ. ಬಸವ ಜಯಂತಿಗಿಂತ ಮೊದಲ ಮೋತ್ಯಾಗ ಬ್ಯಾನಿ ಬಂದಿತ್ತು."

ಕಾಕಾ ಬಾಗಿಲ ಪಕ್ಕದ ಗೋಡೆಯನ್ನು ನೋಡಿದ. ಅದು ಈಗ ಸಿಮೆಂಟಿನ ಹೊಸ ಗೋಡೆ, ಹಸಿರು ಬಣ್ಣ. ಆಮೇಲೆ ಎದ್ದು ಮೋರಿಗೆ ಹೋಗಿ ಎಲೆ ಉಗುಳಿ, ಬಾಯಿ ಮುಕ್ಕಳಿಸಿ ಬಂದು ಮತ್ತೆ ಕಾಲು ಮೇಲೆತ್ತಿ ಕೂತ.

"ಹಂಗಾರ ನನ್ನ ಎಣ್ಣಿ ಏನೂ ಮಾಡ್ಲಿಲ್ಲ ಅಂತೀಯೇನು?"

ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ಹೌದು ಎಂದುಬಿಡಬಹುದಿತ್ತು. ನಾಲಗೆಯ ತುದಿತನಕ ಬಂದಿತ್ತು.

"ಅದು ಗೊತ್ತಿಲ್ಲ ಕಾಕಾ. ಎಣ್ಣಿನೂ ತ್ರಾಸ ಕೊಟ್ಟಿರಬಹುದು. ಆದ್ರ ಹಚ್ಚದಿದ್ರೂ ಅದು ಉಳಿಯೂದು ಕಠಿಣಿತ್ತು ಅಂತ ಡಾಕ್ಟರು ಹೇಳ್ಯಾರ. ಅಷ್ಟ ಹೇಳ್ಯಾರ."

"ನನ್ನ ಸಮಾಧಾನಕ್ಕ ಹೇಳಾಕತ್ತಿಲ್ಲ, ಹೌದಿಲ್ಲೋ?"

ನಾನು ಬಾಯಿ ತೆರೆಯುವ ಮೊದಲೇ ಚಿಗವ್ವ ಬಸಿ ಎತ್ತಿಕೊಳ್ಳುತ್ತ ಹೇಳಿದಳು: "ಇಂವ ಸಮಾಧಾನಕ್ಕ ಹೇಳೂ ಮಂದಿ ಏನ್ರಿ? ನಮ್ಮ ಮದವಿ ಫೋಟೋ ನೋಡಿ, ಇದು ನೀವ ಅನ್ನಾಕ ಏನ್ ಪುರಾವೆ ಐತಿ ಅಂದಾಂವ."

ನನ್ನ ಸಂಶಯ ಬುದ್ಧಿಯನ್ನು ಈ ಮನೆಯಲ್ಲಿ ಯಾರೂ ಮೆಚ್ಚಿದ್ದು ನೆನಪಿಲ್ಲ. ಅವತ್ತು ಮೊದಲ ಬಾರಿಗೆ ಅದಕ್ಕೊಂದು ಬೆಲೆ ಬಂತು. ಕಾಕಾ ನನ್ನ ಮುಖ ನೋಡಿದ, ಚಿಗವ್ವನ ಮುಖ ನೋಡಿದ, ತೊಡೆಗೆ 'ಫಟ್' ಎಂದು ಬಡಿದುಕೊಂಡ.

"ಅಂದ್ರ ನಾ ಉಗುಳಿಲ್ಲ ಅನ್ನೂದು ಖರೇ ಆತು! ಕೇಳಿದಿಲ್ಲೋ? ಇನ್ನ ಮ್ಯಾಲೆ ಯುಗಾದಿ ಮಾತು ತಗದಿ ಅಂದ್ರ ನೋಡು ಮತ್ತ!"

"ಆತ್ರಿ, ಆತು. ಅಕ್ಕಾರು ಇದ್ದಿದ್ರ ಅವ್ರಿಗೂ ಹೇಳಬಹುದಿತ್ತು" ಎಂದು ಚಿಗವ್ವ ಒಳಗೆ ಹೋದಳು. ಹೋಗುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳೋ, ಮುಖದ ಬೆವರು ಒರೆಸಿಕೊಂಡಳೋ, ನಾನು ಖಚಿತವಾಗಿ ಹೇಳಲಾರೆ.

ಕಾಕಾನ ನಗು ನಿಧಾನವಾಗಿ ಇಳಿಯಿತು. ಬೆಲ್ಲ ಇನ್ನೂ ಅವನ ಚಪ್ಪಲಿಯ ಮೇಲೇ ಗದ್ದ ಇಟ್ಟು ಮಲಗಿತ್ತು. ಮೇಲೆತ್ತಿದ್ದ ಕಾಲುಗಳಲ್ಲಿ ಒಂದು ಕೆಳಗೆ ಬಂತು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ನಾಯಿ ತಲೆ ಎತ್ತಿ ಅವನ ಮೊಣಕಾಲಿಗೆ ಒರಗಿಸಿತು. ಕಾಕಾನ ಕೈ ಗಾಳಿಯಲ್ಲೇ ಎಲ್ಲೋ ನಿಂತು, ಏನೋ ಮರೆತಂತೆ ಹುಡುಕಿ, ಕೊನೆಗೆ ಬೆಲ್ಲದ ಕಿವಿಯ ಮೇಲೆ ಇಳಿಯಿತು. ಕಿವಿಯನ್ನು ಎಲೆಯಂತೆ ಮಡಚಿದ. ಉಫ್ ಎಂದು ಊದಿದ. ಕೂದಲು ಬೇರೆಯಾದ ಕಡೆ ಬಿಳಿ ಚರ್ಮ ಕಂಡಿತು.

"ಇಲ್ಲೇನೂ ಇಲ್ಲ ನೋಡು" ಎಂದ.

ಬೆಲ್ಲ ನಿಟ್ಟುಸಿರು ಬಿಟ್ಟು, ಅವನ ತೊಡೆಯ ಮೇಲೆ ತಲೆ ಹೊರಳಿಸಿ, ಇನ್ನೊಂದು ಕಿವಿಯನ್ನು ಮುಂದಿಟ್ಟಿತು.